ಹಮೀದ್ ಚಾಚಾರ ನೈಟ್ ಡ್ಯೂಟಿ

ಹಮೀದ್ ಚಾಚಾ ಮನೆಯೊಳಗೆ ನಿಂತಾಗಲೂ ಒಂದು ಕೈಯಿಂದ ಬಾಗಿಲ ಚೌಕಟ್ಟು ಹಿಡಿದುಕೊಂಡೇ ನಿಲ್ಲುತ್ತಿದ್ದರು. ಕಾಲು ಅಗಲ, ಮೊಣಕಾಲು ತುಸು ಸಡಿಲ. ಬೀದರದ ಚಿದ್ರಿಯ ನಮ್ಮ ಗಲ್ಲಿ ಯಾವ ಕ್ಷಣದಲ್ಲಾದರೂ ಬ್ರೇಕ್ ಹಾಕೀತು ಎಂಬ ಅನುಮಾನ ಅವರಿಗೆ. ಇಪ್ಪತ್ತಾರು ವರ್ಷ ಔರಾದದಿಂದ ಹೈದರಾಬಾದಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಅವರು ನಿವೃತ್ತರಾಗಿದ್ದರೂ ಅವರ ನಿದ್ದೆ ಇನ್ನೂ ಡ್ಯೂಟಿಯ ಮೇಲೇ ಇತ್ತು. ರಾತ್ರಿಯೆಲ್ಲ ಎಚ್ಚರ, ಹಗಲೆಲ್ಲ ಗೊರಕೆ. ಅವರ ಮನೆ ಮುಂದೆ ತರಕಾರಿಯವಳು ಬದನೆಕಾಯಿಯನ್ನು ಗುಟ್ಟು ಹೇಳಿದ ಹಾಗೆ ಮಾರುತ್ತಿದ್ದಳು.

ಅವರ ಈ ನಿಲುವನ್ನು ನಾನು ಗಲ್ಲಿಯ ಹುಡುಗರ ಮುಂದೆ ಮಾಡಿ ತೋರಿಸುತ್ತಿದ್ದೆ. ಆಗ ನನಗೆ ಇಪ್ಪತ್ತು. ನಮ್ಮ ಪ್ರಿನ್ಸಿಪಾಲರು ಕೆಮ್ಮುವುದು, ಅವ್ವ ಜಗಳಕ್ಕೆ ಮುಂಚೆ ಸೆರಗು ಸಿಕ್ಕಿಸುವುದು, ನನ್ನ ಅಜ್ಜಿ ಆಯಿ ಹಲ್ಲಿಲ್ಲದ ಬಾಯಲ್ಲಿ ರೊಟ್ಟಿಯ ಜೊತೆ ಕುಸ್ತಿ ಹಿಡಿಯುವುದು, ಎಲ್ಲವೂ ನನಗೆ ಬರುತ್ತಿತ್ತು. ಬಾರದೆ ಉಳಿದದ್ದು ಡಿಗ್ರಿಯ ಎರಡು ವಿಷಯ ಮಾತ್ರ.

ಆ ವರ್ಷ ಮಳೆ ಎರಡನೇ ಸಲ ಕೈಕೊಟ್ಟಿತ್ತು. ಅಕ್ಕನ ಗಂಡನ ಊರು ಮೆಹಕರದಲ್ಲಿ ತೊಗರಿ ಮೊಣಕಾಲಿಗೂ ಬಾರದೆ ಒಣಗಿತು. ಭಾವ ಕಟ್ಟಡದ ಕೆಲಸಕ್ಕೆಂದು ಹೈದರಾಬಾದಿಗೆ ಹೋದ. ಅಕ್ಕ ಸುನೀತಾ ಐದು ತಿಂಗಳ ಸಿದ್ದುವನ್ನು ಎತ್ತಿಕೊಂಡು ತವರಿಗೆ ಬಂದಳು. ಹದಿನೈದು ದಿನ ಬಿಟ್ಟು ಅವಳೂ ಹೋಗಬೇಕಿತ್ತು. ಅಲ್ಲಿ ಕೂಲಿಯವರ ಗುಂಪಿಗೆ ಅಡುಗೆ ಮಾಡುವ ಕೆಲಸ ಅವಳಿಗಾಗಿ ಕಾದಿತ್ತು. ಇರಲು ಒಂದು ತಗಡಿನ ಶೆಡ್ಡು, ಅದರೊಳಗೆ ಎಂಟು ಸಂಸಾರ, ನಡುವೆ ಹಳೆ ಸೀರೆಯ ಪರದೆ. ಗುಂಪಿನ ಮೇಸ್ತ್ರಿ, ಮುಕಾದಮ, ಮೊದಲೇ ಹೇಳಿ ಕಳಿಸಿದ್ದ: ದಿನವೆಲ್ಲ ಸಿಮೆಂಟು ಹೊತ್ತವರ ನಿದ್ದೆ ಕೆಡಿಸಿದರೆ ತಾಯಿ, ಮಗು ಮರುದಿನದ ಬಸ್ಸಿಗೇ ವಾಪಸ್. ಹಿಂದಿನ ತಿಂಗಳು ಭಾಲ್ಕಿ ಕಡೆಯ ಒಬ್ಬಳನ್ನು ಹಾಗೆ ಕಳಿಸಿಯೂ ಇದ್ದ. ನಮ್ಮ ಸಿದ್ದು ರಾತ್ರಿಗೆ ಎಂಟು ಸಲ ಏಳುತ್ತಿದ್ದ.

ಅವನು ಕಿಂಯ್ ಅಂದರೆ ಸಾಕು, ಇಡೀ ಮನೆ ಕಾರ್ಯಾಚರಣೆಗೆ ಇಳಿಯುತ್ತಿತ್ತು. ಅವ್ವ ಲೈಟು ಹಾಕುವಳು. ಆಯಿ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವಳು. ದೃಷ್ಟಿ ಹೋಗುತ್ತಿತ್ತೋ ಇಲ್ಲವೋ, ಉಳಿದವರ ನಿದ್ದೆ ಹೋಗುತ್ತಿತ್ತು. ಅಪ್ಪ ಇದು ಯಾರ ತಪ್ಪು ಎಂದು ವಿಚಾರಣೆ ಶುರು ಮಾಡುವನು. ಅಕ್ಕ ಕಣ್ಣು ಮುಚ್ಚಿಕೊಂಡೇ ಹಾಲೂಡಿಸುವಳು. ಕೊನೆಗೆ, ಹೆಚ್ಚಾಗಿ ನಸುಕಿನ ಮೂರರ ಹೊತ್ತಿಗೆ, ನನ್ನ ಪ್ರವೇಶ. ಕಾಗೆ ಕೂಗುತ್ತಿದ್ದೆ, ಎಮ್ಮೆ ಕೂಗುತ್ತಿದ್ದೆ, ಪ್ರಿನ್ಸಿಪಾಲರಾಗಿ ಕೆಮ್ಮುತ್ತಿದ್ದೆ. ಆ ಕೆಮ್ಮಿಗೆ ಸಿದ್ದು ಅಳು ನಿಲ್ಲಿಸಿ ಕೇಕೆ ಹಾಕುವನು. ನಾನೊಬ್ಬ ಇಲ್ಲದಿದ್ದರೆ ಈ ಮನೆಯ ಗತಿ ಏನಾಗುತ್ತಿತ್ತೋ ಎಂದುಕೊಂಡು ಹೆಮ್ಮೆಯಿಂದ ಮಲಗುತ್ತಿದ್ದೆ.

ಐದನೆಯ ದಿನ ಸಂಜೆ ಪಕ್ಕದ ಮನೆಯಿಂದ ಚಾಚಾ ಬಂದರು. ಅಕ್ಕ ಕೂತಲ್ಲೇ ತೂಕಡಿಸುತ್ತಿದ್ದಳು, ಕೈಯಲ್ಲಿದ್ದ ಚಹಾ ಸೀರೆಯ ಮೇಲೆ ಚೆಲ್ಲುತ್ತಿತ್ತು. ಚಾಚಾ ಕಪ್ಪು ತೆಗೆದು ಪಕ್ಕಕ್ಕಿಟ್ಟರು.

"ನನಗ ಹ್ಯಾಂಗೂ ರಾತ್ರಿ ನಿದ್ದಿ ಬರಲ್ಲ ಬೇಟಿ. ಇವತ್ತಿಂದ ನೈಟ್ ಡ್ಯೂಟಿ ನಂದು. ಹಾಲ ಕುಡ್ಸೂದಷ್ಟ ನಿಂದು."

ಗಂಡಸರಿಗೆ ಕೂಸಿನ ಕಥೆ ಏನು ಗೊತ್ತರಿ ಎಂದು ಆಯಿ ಮೂಗು ಮುರಿದಳು. ಚಾಚಾ ನಕ್ಕರು. ಹಿಂದಿನ ಬರಗಾಲಗಳಲ್ಲಿ ಅವರ ಬಸ್ಸು ಗಂಟು, ಪಾತ್ರೆ, ಕೂಸುಗಳಿಂದಲೇ ತುಂಬುತ್ತಿತ್ತಂತೆ. ಟಿಕೆಟ್ ಹರಿದುಕೊಟ್ಟ ಮೇಲೆ ಕಂಡಕ್ಟರನಿಗೆ ಬೇರೆ ಕೆಲಸವೇನು? ಅಳುವ ಕೂಸನ್ನು ಎತ್ತಿಕೊಂಡು ಡ್ರೈವರನ ಹಿಂದೆ ನಿಲ್ಲುತ್ತಿದ್ದರಂತೆ. ಝಹೀರಾಬಾದ್ ಬರುವುದರೊಳಗೆ ಕೂಸೂ ಮಲಗುತ್ತಿತ್ತು, ಅದರ ತಾಯಿಯೂ ಮಲಗಿರುತ್ತಿದ್ದಳು.

ಮೊದಲ ರಾತ್ರಿ ಚಾಚಾ ಪಡಸಾಲೆಯಲ್ಲಿ ತೊಟ್ಟಿಲ ಪಕ್ಕ ಕೂತು ಏನೂ ಮಾಡಲಿಲ್ಲ. ಸಿದ್ದು ಮುಲುಗಿದ. ಅವ್ವನ ಕೈ ಸ್ವಿಚ್ಚಿನತ್ತ ಹೋಯಿತು.

"ಹೋಲ್ಡಾನ್," ಚಾಚಾ ಪಿಸುಗುಟ್ಟಿದರು. "ಬಸ್ಸಿನ್ಯಾಗ ಮಂದಿ ನಿದ್ದಿಯೊಳಗ ಗೊಣಗ್ತಾರರಿ. ಅಷ್ಟಕ್ಕ ಬಸ್ ನಿಂದ್ರಸ್ತಾರೇನು? ಇಳಿಯಾಂವ ಇದ್ರ ತಾನೇ ಎದ್ದು ಗಂಟು ಹೆಗಲಿಗಿ ಹಾಕ್ಕೋತಾನ. ಅಲ್ಲಿ ತನಕ ಕಾಯ್ರಿ."

ಕಾದೆವು. ಸಿದ್ದು ಒದ್ದಾಡಿದ, ಬೆರಳು ಚೀಪಿದ, ಮಲಗಿಬಿಟ್ಟ. ನಾವು ಐವರು ದೊಡ್ಡವರು ಉಸಿರು ಬಿಗಿಹಿಡಿದು ಕತ್ತಲಲ್ಲಿ ಹಾಗೇ ಬಿದ್ದುಕೊಂಡಿದ್ದೆವು. ಎಂಟರಲ್ಲಿ ನಾಲ್ಕು ಏಳುವಿಕೆ ಇಂಥವೇ ಎಂದು ಆ ರಾತ್ರಿಯೇ ತಿಳಿಯಿತು. ಅವನನ್ನು ಪೂರ್ತಿ ಎಬ್ಬಿಸುತ್ತಿದ್ದವರು ನಾವೇ. ಖರೇ ಹಸಿದು ಕೈಕಾಲು ಬಡಿದಾಗ ಮಾತ್ರ ಚಾಚಾ ಅಕ್ಕನನ್ನು ಕರೆಯುತ್ತಿದ್ದರು, ಲೈಟಿಲ್ಲ, ಮಾತಿಲ್ಲ. ಹಾಲಾದ ಮೇಲೆ ಹೆಗಲಿಗೆ ಹಾಕಿಕೊಂಡು ನಿಧಾನಕ್ಕೆ ನಡೆಯುತ್ತ ಗುನುಗುವರು: "ಔರಾದ… ಸಂತಪೂರ… ಕೌಠಾ… ಜನವಾಡಾ…" ಸಿದ್ದು ಒಂದು ದಿನವೂ ಬೀದರ ಮುಟ್ಟಲಿಲ್ಲ.

ಆದರೂ ನಸುಕಿನ ಮೂರು ಗಂಟೆಯ ಏಳುವಿಕೆ ಮಾತ್ರ ತಪ್ಪಲಿಲ್ಲ. ಹಸಿವಿಲ್ಲ, ಅಳುವಿಲ್ಲ, ಕಣ್ಣು ಬಿಟ್ಟುಕೊಂಡು ಕತ್ತು ಒಂದೇ ಕಡೆ ತಿರುಗಿಸಿ ಕಾಯುತ್ತಿದ್ದ. ಎರಡು ರಾತ್ರಿ ಚಾಚಾ ತಲೆ ಕೆರೆದುಕೊಂಡರು. ಮೂರನೆಯ ರಾತ್ರಿ ನನಗೆ ಅಳಿಯನ ಮೇಲೆ ಕನಿಕರ ಉಕ್ಕಿತು. ಚಾದರದೊಳಗಿಂದಲೇ ಪ್ರಿನ್ಸಿಪಾಲರಂತೆ ಸಣ್ಣಗೆ ಕೆಮ್ಮಿದೆ. ಸಿದ್ದು ತೊಟ್ಟಿಲು ಮುರಿಯುವಂತೆ ಕುಣಿದ. ಚಾಚಾ ಬಂದು ನನ್ನ ಚಾದರ ಎತ್ತಿದರು.

"ಸಿಕ್ತು," ಅಂದರು. "ಈ ಕೂಸು ಹಸಿವಿಗಿ ಏಳ್ಲತ್ತಿಲ್ಲ ಮಿಲಿಂದ್. ನೀ ದಿನಾ ಪುಕ್ಕಟೆ ಖೇಲ್ ಇಟ್ಟೀದಿ, ಅಂವ ಟೈಮಿಗಿ ಸರಿಯಾಗಿ ಬಂದು ಕುಂದರ್ಲತ್ತಾನ."

ಲೈಟು ಬಿತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ನಾ ಗಲ್ಲಿ ಮಂದಿದೆಲ್ಲಾ ದೃಷ್ಟಿ ತೆಗ್ದೆ," ಆಯಿ ಅಂದಳು. "ಪೀಡಾ ನಮ್ಮ ಮನ್ಯಾಗೇ ಚಾದರ ಹೊದ್ದು ಮಲಗಿತ್ತು."

ಮರುದಿನದಿಂದ ನನಗೆ ಗಡೀಪಾರು. ರಾತ್ರಿ ಖಾಲಿ ಇರುತ್ತಿದ್ದ ಚಾಚಾರ ಹೊರಸಿನ ಮೇಲೆ ನಾನು ಮಲಗಬೇಕು. ಬೆಳಗಾದರೆ ಅವರು ಬಂದು ನನ್ನನ್ನು ಎಬ್ಬಿಸಿ ತಾವು ಮಲಗುವರು. ನನ್ನ ಆಟ ಹಗಲಿಗೆ ಮಾತ್ರ ಎಂದು ನಿಗದಿಯಾಯಿತು. ಪ್ರೇಕ್ಷಕ ಮೂರ್ನಾಲ್ಕು ರಾತ್ರಿ ಕಾದು ನೋಡಿ, ನಾಟಕ ಬಂದಾಯಿತೆಂದು ತಿಳಿದು, ಮೂರು ಗಂಟೆಗೂ ಮಲಗತೊಡಗಿದ. ನನ್ನ ಕಲೆಗೆ ಇದಕ್ಕಿಂತ ದೊಡ್ಡ ಅವಮಾನ ಆಗಿಲ್ಲ.

ಹೊರಡುವ ಮೂರು ದಿನ ಮೊದಲು ಚಾಚಾ ಕೂಸನ್ನು ಎತ್ತುವುದನ್ನೇ ಬಿಟ್ಟರು. ಅಲ್ಲಿ ನಾನಿರುವುದಿಲ್ಲ, ನೀನೇ ಬಸ್ಸು ನಡೆಸು ಎಂದು ಅಕ್ಕನಿಗೆ ಹೇಳಿ ಕೈಕಟ್ಟಿ ಕೂತರು. ಮೊದಲ ರಾತ್ರಿ ಅಕ್ಕ ಅತ್ತಳು, ಕೂಸು ಅಳಲಿಲ್ಲ. ಎರಡನೆಯ ರಾತ್ರಿ ಅವಳು ಔರಾದದ ದಾರಿ ಬಿಟ್ಟು ತನ್ನದೇ ದಾರಿ ಹಿಡಿದಳು: "ಮೆಹಕರ… ಭಾಲ್ಕಿ… ಹಲಬರ್ಗಾ…" ಸಿದ್ದು ಆ ರೂಟಿಗೂ ಒಪ್ಪಿದ.

ಅವಳು ಹೋದ ಮೇಲೆ ಹತ್ತು ದಿನ ನಮಗೆ ನಿದ್ದೆಯಿಲ್ಲ. ಪ್ರತಿ ಬೆಳಿಗ್ಗೆ ಅವ್ವ ಬಾಗಿಲು ತೆರೆದು, ವಾಪಸ್ ಬಂದಳೇನೋ ಎಂದು ಗಲ್ಲಿ ನೋಡುತ್ತಿದ್ದಳು. ಹನ್ನೊಂದನೆಯ ದಿನ ಅಕ್ಕನ ಫೋನು ಬಂತು. ಸಿದ್ದು ಎರಡೇ ಸಲ ಏಳುತ್ತಾನೆ, ಯಾರೂ ತಕರಾರು ಮಾಡಿಲ್ಲ, ಮುಕಾದಮ ಇರು ಅಂದಿದ್ದಾನೆ.

ಅಷ್ಟರಲ್ಲಿ ಚಿದ್ರಿಯಲ್ಲಿ ಬೋರುಗಳು ಬತ್ತಿ, ಔರಾದದಲ್ಲಿದ್ದ ಮಗಳು ಚಾಚಾರನ್ನು ತನ್ನಲ್ಲಿಗೆ ಕರೆದೊಯ್ದಿದ್ದಳು. ಅವಳ ಮನೆಯ ಬಾವಿಯಲ್ಲಿ ಇನ್ನೂ ನೀರಿತ್ತು. ಸುದ್ದಿ ಹೇಳಲು ನಾನೇ ಬಸ್ಸು ಹತ್ತಿ ಹೋದೆ. ಸಂಜೆ ನಾಲ್ಕು, ಅವರಿಗೆ ಆಗಷ್ಟೇ ಬೆಳಗಾಗಿತ್ತು. ಎಂದೂ ಕೇಳಿರದ ಮುಕಾದಮನ ದನಿಯಲ್ಲೇ ಎಲ್ಲ ವರದಿ ಒಪ್ಪಿಸಿದೆ. ಚಾಚಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕು ಮುಗಿದ ಮೇಲೆ ಕೇಳಿದರು:

"ಕೂಸು ಮಲಗ್ತದ. ಸುನೀತಾ ಮಲಗ್ತಾಳೇನು?"

ನಾನು ಕೇಳಿರಲಿಲ್ಲ. ಅವ್ವನೂ ಕೇಳಿರಲಿಲ್ಲ. ಚಾಚಾ ನನ್ನ ಜೇಬಿನಲ್ಲಿದ್ದ ಫೋನಿನತ್ತ ಬೆರಳು ತೋರಿಸಿದರು. ಅಕ್ಕನಿಗೆ ಹಚ್ಚಿದೆ.

"ಅಕ್ಕಾ, ನಿನಗ ನಿದ್ದಿ ಆಗ್ತದ?"

ಆ ಕಡೆ ಪಾತ್ರೆಯ ಸದ್ದು ನಿಂತಿತು.

"ಇದು ನಿನ್ನ ಮಾತಲ್ಲ," ಅಂದಳು ಅಕ್ಕ. "ಚಾಚಾ ಬಾಜೂಕ್ಕ ಅದಾರೇನು? ಅವ್ರಿಗಿ ಕೊಡು."

ಕೊಟ್ಟೆ. ಅವಳು ಏನು ಹೇಳಿದಳೋ, ಚಾಚಾ ಬಹಳ ಹೊತ್ತು ಹಾಂ ಬೇಟಿ, ಹಾಂ ಬೇಟಿ ಎನ್ನುತ್ತ ಕೇಳಿದರು. ಕೊನೆಗೆ, "ಐತ್ವಾರ ಕೂಸಿನ್ನ ಗಂಡಗ ಕೊಟ್ಟು ಮಲಗು. ಅಂವಗೂ ಎರಡು ಕೈ ಅದಾವ," ಅಂದರು.

ಆ ಭಾನುವಾರ ಅಕ್ಕ ಹಗಲು ನಾಲ್ಕು ತಾಸು ಒಂದೇ ಸಮ ಮಲಗಿದಳಂತೆ. ಭಾವನೇ ಫೋನ್ ಮಾಡಿ, ತಾನು ಪಟ್ಟ ಪಾಡನ್ನು ಅರ್ಧ ತಾಸು ಹೇಳಿಕೊಂಡ. ಇದನ್ನು ಚಾಚಾರಿಗೆ ಎದುರಿಗೇ ಮಾಡಿ ತೋರಿಸಬೇಕು, ಮುಂದಿನ ವಾರ ಔರಾದಕ್ಕೆ ಹೋದರಾಯಿತು ಅಂದುಕೊಂಡೆ. ಮುಂದಿನ ವಾರ ಹೋದದ್ದು ಅವರ ಮಣ್ಣಿಗೆ. ಹಗಲು ಹನ್ನೊಂದರ ಹೊತ್ತಿಗೆ, ನಿದ್ದೆಯಲ್ಲೇ ಹೋಗಿದ್ದರು. ಮುಖ ನೋಡಲು ಬಿಟ್ಟಾಗ ಅವರ ಕಿವಿಯ ಹತ್ತಿರ ಬಾಗಿದೆ. ಯಾರ ದನಿಯನ್ನೂ ಮಾಡದೆ, ನನ್ನದೇ ದನಿಯಲ್ಲಿ, ಅಕ್ಕ ನಾಲ್ಕು ತಾಸು ಮಲಗಿದಳು ಚಾಚಾ ಎಂದು ಹೇಳಿದೆ.