ಕಡಿಮೆ ಬಂದ ಬಟ್ಟೆ

ಆಯಿಯ ಬೆರಳ ತುದಿಗಳು ಬ್ಲೀಚಿಂಗ್ ಪುಡಿಗೆ ಬೆಂದು ಸುಣ್ಣ ಬಳಿದಂತೆ ಬೆಳ್ಳಗಿದ್ದವು. ಅಜ್ಜಿಯ ವಯಸ್ಸಿನ ಆಕೆಯನ್ನು ಓಣಿಯವರೆಲ್ಲ ಆಯಿ ಎಂದೇ ಕರೆಯುತ್ತಿದ್ದೆವು. ಶಹಾಬಾದಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ನಿನ ಬಟ್ಟೆ ಒಗೆಯುವುದು ಆಕೆಯ ಕೆಲಸ. ಹೊಟ್ಟೆ ಕೊಯ್ದಾಗ ರಕ್ತ ಹೀರಲು ಒಳಗಿಡುವ ಅಂಗೈಯಗಲದ ಬಟ್ಟೆಗಳವು. ಒಗೆದು, ಕುದಿಸಿ, ಮತ್ತೆ ಬಳಸುತ್ತಿದ್ದರು. ಆಯಿ ಅವನ್ನು ಆಸ್ಪತ್ರೆ ಹಿತ್ತಲ ಫರಸಿ ಕಲ್ಲುಗಳ ಮೇಲೆ ಸಾಲಿಗೆ ಹತ್ತರಂತೆ ಹರವುತ್ತಿದ್ದಳು. ಸಾಲು ತುಂಬದಿದ್ದರೆ ಆಕೆಗೆ ಊಟ ಸೇರುತ್ತಿರಲಿಲ್ಲ. ಶಾಲೆಯಲ್ಲಿ ಗಣಿತ ಕಲಿಸುವ ನನಗಿಂತ ಆಕೆಯ ಎಣಿಕೆ ಪಕ್ಕಾ.

ನನ್ನ ಗರ್ಭಕೋಶ ತೆಗೆದದ್ದು ಆ ಆಸ್ಪತ್ರೆಯಲ್ಲೇ. ಮನೆಗೆ ಬಂದ ಮೇಲೆ ಆಯಿ ವಾರಕ್ಕೊಮ್ಮೆ ಬಾಗಿಲಿಗೆ ಬಂದು ನಿಲ್ಲತೊಡಗಿದಳು.

“ಅಕ್ಕೋರೆ, ಜ್ವರ ಬರ್ತಾವೇನ್ರಿ? ಹೊಟ್ಟಿ ಬ್ಯಾನಿ ಅದ ಏನ್ರಿ?”

ಕೇಳಿ, ನನ್ನ ಹೊಟ್ಟೆಯನ್ನೇ ದಿಟ್ಟಿಸಿ, ಚಹಾ ಕೂಡ ಮುಟ್ಟದೆ ಹೋಗುವಳು. ನನಗೆ ಭಯವಾಗುತ್ತಿತ್ತು, ಭಯಕ್ಕಿಂತ ಹೆಚ್ಚು ಸಿಟ್ಟು ಬರುತ್ತಿತ್ತು. “ಈಕಿ ಕಾಲಿಟ್ಟ ದಿನಾನೇ ನಿನಗ ಜ್ವರ ಏರ್ತಾವ ನೋಡು,” ಎಂದು ಅತ್ತೆ ಬಾಗಿಲು ಹಾಕಿಸಿದರು.

ನಾಲ್ಕನೆಯ ತಿಂಗಳು ಹೊಟ್ಟೆಯ ಎಡಕ್ಕೆ ಗಂಟೊಂದು ಕೈಗೆ ಹತ್ತಿತು. ಸುದ್ದಿ ಕೇಳಿದ ಆಯಿ ಬಾಗಿಲು ದೂಡಿಕೊಂಡೇ ಒಳಗೆ ಬಂದಳು.

“ನಿಮ್ಮ ಆಪರೇಶನ್ ದಿನ ಒಗ್ಯಾಕ ಅರಿವಿ ಕಮ್ಮಿ ಬಂದಾವ್ರಿ. ಕಂಪೌಂಡರಗ ಹೇಳ್ದೆ, ನಾಯಿ ಒಯ್ದಿರಬೇಕು ಅಂದ. ಬಾಯಿ ಬಿಟ್ಟರ ಕೆಲಸ ಹೋಗ್ತದಂತ ಸುಮ್ನಿದ್ದೆ. ಭಾಳ ತಪ್ಪಾಯ್ತ್ರಿ ಅಕ್ಕೋರೆ. ಕಲಬುರ್ಗಿಗಿ ಹೋಗ್ರಿ, ಇವತ್ತೇ ಹೋಗ್ರಿ.”

ಕಲಬುರಗಿಯಲ್ಲಿ ಮತ್ತೆ ಹೊಟ್ಟೆ ಕೊಯ್ದರು. ಕೀವಿನಲ್ಲಿ ನೆನೆದು ಕರುಳಿಗೆ ಅಂಟಿಕೊಂಡಿದ್ದ ಬಟ್ಟೆಯೊಂದು ಸಿಕ್ಕಿತು. ಇನ್ನೊಂದು ವಾರ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಊರಿಗೆ ಬಂದವಳೇ ಆಯಿಯ ಮನೆಗೆ ಹೋಗಿ ಕೈ ಹಿಡಿದುಕೊಂಡೆ. ಬಾಯಿ ಬಿಟ್ಟದ್ದಕ್ಕೆ ಆಕೆಯ ಕೆಲಸ ಅಷ್ಟರಲ್ಲಿ ಹೋಗಿತ್ತು. ಆದರೂ ಆಕೆ ಕೇಳಿದ್ದು ಬೇರೆಯೇ.

“ಒಂದೇ ಸಿಕ್ತೇನ್ರಿ?”

“ಒಂದೇ, ಆಯಿ.”

“ಕಮ್ಮಿ ಬಂದಿದ್ದು ಎರಡ್ರಿ.”

ಆ ದಿನ ನನ್ನ ಪಕ್ಕದ ಮಂಚದವಳಿಗೂ ಆಪರೇಷನ್ ಆಗಿತ್ತು. ಚಿಂಚೋಳಿ ಕಡೆಯವಳು, ಕೈತುಂಬ ಹಸಿರು ಬಳೆ. ನನಗೆ ನೆನಪಿದ್ದದ್ದು ಇಷ್ಟೇ. ಅಂದು ನನ್ನೊಬ್ಬಳದೇ ಆಪರೇಷನ್ ಆದದ್ದೆಂದು ಆಸ್ಪತ್ರೆಯವರು ಸಾಧಿಸಿದರು. ನಾನೂ ಆಯಿಯೂ ರಜೆಯ ದಿನಗಳಲ್ಲಿ ಚಿಂಚೋಳಿ, ಸೇಡಂ ಕಡೆಯ ಹಳ್ಳಿಗಳನ್ನು ಸುತ್ತಿದೆವು. ಆಕೆಯ ಸುಳಿವು ಹತ್ತಲಿಲ್ಲ.

ಕಳೆದ ವರ್ಷ ಆಯಿ ಹಾಸಿಗೆ ಹಿಡಿದಳು. ಮಾತು ನಿಲ್ಲುವ ಮುಂಚೆ ನನ್ನ ಕಡೆ ಹೊರಳಿ ಕೇಳಿದಳು: “ಆ ಹೆಣ್ಮಗಳು ಸಿಕ್ಕಳೇನ್ರಿ?”

“ಸಿಕ್ಕಾಳ ಆಯಿ. ಆರಾಮ ಅದಾಳ.”

ನನ್ನ ಜೀವ ಉಳಿಸಿದವಳಿಗೆ ನಾನು ಹೇಳಿದ ಒಂದೇ ಸುಳ್ಳು ಅದು. ಆಕೆ ನಂಬಿದಳು. ಮಣ್ಣು ಕೊಟ್ಟು ಬಂದ ಮರುದಿನ ನಾನು ಮತ್ತೆ ಚಿಂಚೋಳಿ ಬಸ್ಸು ಹತ್ತಿದೆ.