ಝುವೈನಾ ಅಳಿಸಿದ ಕೀಲಿ

ಝುವೈನಾಳನ್ನು ನಾನು ಮೊದಲು ನೋಡಿದ್ದು ಒಮಾನಿನ ನಿಜ್ವಾ ಪಟ್ಟಣದ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ. ಕಿಟಕಿಯ ಪಕ್ಕ ಕುಳಿತು, ತಿಂದ ಖರ್ಜೂರದ ಬೀಜಗಳನ್ನು ಕರವಸ್ತ್ರದಲ್ಲಿ ಸುತ್ತಿಡುತ್ತಾ, ಮೇಷ್ಟ್ರು ಪರದೆಯ ಮೇಲೆ ತೋರಿಸಿದ ಸ್ಮಾರ್ಟ್ ಕಾಂಟ್ರಾಕ್ಟನ್ನು ಓದುತ್ತಿದ್ದಳು. ಕೋಡಿನಲ್ಲಿ ಬರೆದು ಬ್ಲಾಕ್‌ಚೈನ್ ಎಂಬ ಕಂಪ್ಯೂಟರ್ ಜಾಲಕ್ಕೆ ಒಮ್ಮೆ ಏರಿಸಿದರೆ ತಾನಾಗಿಯೇ ನಡೆಯುವ, ಆಮೇಲೆ ಸುಲಭಕ್ಕೆ ತಿದ್ದಲಾಗದ ಒಪ್ಪಂದ ಅದು. ಕಳ್ಳ ಇದರೊಳಗೆ ಎಲ್ಲಿಂದ ನುಗ್ಗಬಹುದು ಎಂದು ಮೇಷ್ಟ್ರು ಕೇಳಿದರು. ನಾವು ತಲೆ ಕೆರೆದುಕೊಳ್ಳುತ್ತಿದ್ದಾಗ ಅವಳು, "ಬರೆದವನ ಕೈಲಿ ಬದಲಾಯಿಸೋ ಕೀಲಿ ಇದೆಯಲ್ಲ ಸರ್, ಅಲ್ಲಿಂದಲೇ," ಎಂದಳು.

ಮೇಷ್ಟ್ರು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯನ್ನು ಅವಳು ಮರೆಯಲಿಲ್ಲ.

ಅವಳ ಊರಿನ ತೋಟಗಳಿಗೆಲ್ಲ ಇರುವುದು ಒಂದೇ ಫಲಜ್ ಕಾಲುವೆ. ನೀರಿನ ಸರದಿ ಹೇಳುವವನು ಅವಳ ಚಿಕ್ಕಪ್ಪ ಖಲ್ಫಾನ್. ಸರದಿಯ ಜಗಳ ತೀರಲೆಂದು ಅವಳು ಅಂಥದೇ ಒಂದು ಒಪ್ಪಂದ ಬರೆದಳು. ಅದರ ಪ್ರಕಾರ ಅವರವರ ಸರದಿಗೆ ತೂಬುಗಳು ಮೋಟಾರಿನಿಂದ ತಾವೇ ತೆರೆಯುತ್ತವೆ.

"ಅಂದ್ರೆ ನಾನಿನ್ನು ಲಂಚ ತಿನ್ನೋ ಹಾಗಿಲ್ಲ ಅನ್ನು," ಖಲ್ಫಾನ್ ನಕ್ಕ. "ಇಷ್ಟು ವರ್ಷ ಯಾವನೂ ಕೊಡ್ಲೇ ಇಲ್ಲ, ಅದೇ ಬೇಜಾರು. ಆದ್ರೂ ಒಂದು ಕೀಲಿ ನನ್ನ ಹತ್ರ ಇರಲಿ ಮಗಳೇ. ಸಾವಾದ ಮನೆ ಸರದೀನ ಮಾರನೇ ದಿನಕ್ಕೆ ಹಾಕ್ತೀನಲ್ಲ, ಅದಕ್ಕೆ."

"ಆ ಕಿಂಡೀಲೇ ಕಳ್ಳ ಬರೋದು ಚಿಕ್ಕಪ್ಪ."

ಕೀಲಿಯನ್ನು ಯಾರಿಗೂ ಉಳಿಸದೆ ಅಳಿಸಿಹಾಕಿದಳು.

ಆ ಬೇಸಿಗೆಯಲ್ಲಿ ಪಕ್ಕದ ತೋಟದ ಗನಿಯಾ ಅಮ್ಮನ ಗಂಡ ತೀರಿಕೊಂಡರು. ಅವರು ನೆಟ್ಟಿದ್ದ ನಿಂಬೆ ಸಸಿಗಳಿಗೆ ಅಂದೇ ನೀರಿನ ಸರದಿ. ಊರೆಲ್ಲ ಖಬರಸ್ತಾನದಲ್ಲಿದ್ದಾಗ ತೂಬು ತೆರೆಯಿತು. ಮಡಿಗೆ ತಿರುಗಿಸುವವರಿಲ್ಲದೆ ನೀರು ಒಣ ಹಳ್ಳಕ್ಕೆ ಹರಿದುಹೋಯಿತು.

ಖಲ್ಫಾನ್ ಮಣ್ಣಿನ ಕೈಯಲ್ಲೇ ಬಂದ. "ನಾಳೆ ಅವರಿಗೊಂದು ಸರದಿ ಕೊಡೇ."

"ಆಗಲ್ಲ ಚಿಕ್ಕಪ್ಪ. ನನ್ನ ಕೈಲೂ ಆಗಲ್ಲ."

"ನೀನೇ ತಾನೇ ಬರೆದಿದ್ದು?"

ಖಲ್ಫಾನ್ ಮರುದಿನದ ಸರದಿಯವರ ಬಳಿ ಹೋಗಿ ನೀರು ಬಿಟ್ಟುಕೊಡಲು ಕೇಳಿದ. ಹಿಂದೆಲ್ಲ ಅವನು ಹೇಳಿದರೆ ಎದುರಾಡದವರು, "ಮೆಷೀನೇ ನಮ್ಮದು ಅಂತಿರೋವಾಗ ನಾವ್ಯಾಕೆ ಬಿಡಬೇಕು?" ಎಂದರು. ಖಲ್ಫಾನ್ ಮನೆಗೆ ಮರಳಿದ.

ಅವರ ಮುಂದಿನ ಸರದಿ ಬರುವವರೆಗೆ ಝುವೈನಾ ಬಾವಿಯಿಂದ ಬಕೆಟ್‌ನಲ್ಲಿ ನೀರು ಹೊತ್ತಳು. ಆ ಬಿಸಿಲಿಗೆ ಅದು ಸಾಲಲಿಲ್ಲ, ಸಸಿಗಳು ಒಣಗಿದವು. ಗನಿಯಾ ಅಮ್ಮ ಬೈಯಲಿಲ್ಲ. "ಅವತ್ತು ನೀರು ಬಂದಿತ್ತಂತಲ್ಲ ಮಗಳೇ," ಎಂದಷ್ಟೇ ಕೇಳಿದರು.

ಒಪ್ಪಂದದಲ್ಲಿ ತಪ್ಪೇನೂ ಇರಲಿಲ್ಲ ಎಂದು ನಾನು ಸಮಾಧಾನ ಹೇಳಹೋದೆ. "ಅದೇ ನೋಡು," ಎಂದಳು.

ಮೋಟಾರುಗಳನ್ನು ಊರಿನವರೇ ಕಿತ್ತುಹಾಕಿದರು. ಝುವೈನಾ ಈಗ ಮಸ್ಕತ್‌ನಲ್ಲಿ ಬೇರೆಯವರು ಬರೆದ ಒಪ್ಪಂದಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದಾಳೆ. ತಾನು ಮಾತ್ರ ಒಂದನ್ನೂ ಬರೆಯುವುದಿಲ್ಲ.