ಏಳನೇ ನಂಬರಿನ ಜೆರ್ಸಿ

ಕಾಲೇಜಿನಲ್ಲಿ ಇಪ್ಪತ್ತು ವರ್ಷದಿಂದ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದೇನೆ. ಪ್ರಿನ್ಸಿಪಾಲರ ಎದುರೂ ದನಿ ಏರಿಸುವ ಹೆಂಗಸು ನಾನು. ಆದರೆ ನವನಗರದ ಮೈದಾನದಲ್ಲಿ ಮಗಳ ಬಾಸ್ಕೆಟ್‌ಬಾಲ್ ಕೋಚ್ ಮುಂದೆ ನಿಂತರೆ ಬಾಯಿ ಒಣಗುತ್ತದೆ. ಎಪ್ಪತ್ತು ದಾಟಿದ ಆ ಮನುಷ್ಯ ಬೈಯುವುದಿಲ್ಲ, ಕನ್ನಡಕದ ಮೇಲಿಂದ ನೋಡುತ್ತಾರೆ ಅಷ್ಟೇ.

ಆ ತಂಡದಲ್ಲಿ ಎತ್ತರದ ಹುಡುಗಿಯೊಬ್ಬಳಿದ್ದಾಳೆ, ಅವಳೇ ತಾರೆ. ಗೆದ್ದರೆ ಅವಳಿಂದ, ಸೋತರೆ ಉಳಿದವರಿಂದ ಎಂದು ಪಾಲಕರು ಕಟ್ಟೆಯ ಮೇಲೆ ಕುಳಿತು ತೀರ್ಪು ಕೊಡುತ್ತಿದ್ದರು. ಲೆಕ್ಕವಿಲ್ಲದ ಮಾತು ನನಗೆ ಆಗಿಬರುವುದಿಲ್ಲ. ಅಮೆರಿಕದ ಲೀಗುಗಳಲ್ಲಿ ತಾರೆಯ ಜೊತೆಗಾರರನ್ನು ಅಳೆಯುವ ಕ್ರಮವನ್ನು ಓದಿಕೊಂಡಿದ್ದೆ. ಯಾರು ಎಷ್ಟು ಪಾಯಿಂಟ್ ಹಾಕಿದರು ಎಂಬುದಷ್ಟನ್ನೇ ನೋಡದೆ, ಒಬ್ಬಾಕೆ ಅಂಗಳದಲ್ಲಿದ್ದಷ್ಟು ಹೊತ್ತು ತಂಡ ಮುಂದೆ ಹೋಯಿತೋ ಹಿಂದೆ ಬಿತ್ತೋ ಎಂದು ನೋಡುವುದು. ಮುಂದೆ ಹೋದರೆ ಪ್ಲಸ್, ಹಿಂದೆ ಬಿದ್ದರೆ ಮೈನಸ್. ಎದುರಾಳಿಗೆ ಅಡ್ಡ ನಿಂತು ತಾರೆಗೆ ದಾರಿ ಬಿಡಿಸುವವಳ ಹೆಸರು ಸ್ಕೋರ್ ಪುಸ್ತಕದಲ್ಲಿ ಬರುವುದೇ ಇಲ್ಲ. ಈ ಲೆಕ್ಕದಲ್ಲಿ ಅವಳೂ ಸಿಗುತ್ತಾಳೆ.

ರಾಜ್ಯ ಟೂರ್ನಮೆಂಟಿಗೆ ಹತ್ತು ಹೆಸರು ಕಳಿಸಬೇಕಿತ್ತು. ಒಂಬತ್ತು ಖಚಿತವಾಗಿದ್ದವು. ಹತ್ತನೆಯದಕ್ಕೆ ಇಬ್ಬರು: ಉಪ್ಪಿನಬೆಟಗೇರಿಯಿಂದ ದಿನಾ ಬಸ್ಸಿನಲ್ಲಿ ಬರುವ ಮೌನಿ ಹುಡುಗಿ, ಮತ್ತು ನನ್ನ ಮಗಳು. ಅಭ್ಯಾಸ ಪಂದ್ಯಗಳ ವಿಡಿಯೋ ಕೊಡಿ, ಲೆಕ್ಕ ಹಾಕಿಕೊಡುತ್ತೇನೆ ಎಂದು ಕೋಚ್‌ಗೆ ನಾನೇ ಜಂಬದಿಂದ ಹೇಳಿದೆ. ಮೈದಾನದ ಪಕ್ಕದ ಮನೆಯ ತಾರಸಿಯಿಂದ ಯಾರೋ ಫೋನಿನಲ್ಲಿ ತೆಗೆದ ವಿಡಿಯೋಗಳು ಅವು. ಮುಖ ಕಾಣುತ್ತಿರಲಿಲ್ಲ, ಜೆರ್ಸಿಯ ನಂಬರ್ ಕಾಣುತ್ತಿತ್ತು. ನಂಬರ್ ಇದ್ದರೆ ನನಗೆ ಮುಖ ಯಾಕೆ ಬೇಕು?

ಬೆಟಗೇರಿ ಹುಡುಗಿಯದು ಏಳನೇ ನಂಬರ್, ದೊಡ್ಡ ಮೈನಸ್. ಮಗಳು ಹನ್ನೊಂದನೇ ನಂಬರ್ ತೊಟ್ಟು ಆಡಿದ್ದು ಕೊಂಚವೇ, ಅದರಲ್ಲಿ ಚೂರು ಪ್ಲಸ್. ನನ್ನ ಮಗಳೆಂದು ಅಲ್ಲ, ಲೆಕ್ಕ ಹೀಗೆ ಹೇಳುತ್ತದೆ ಎಂದು ಎರಡೆರಡು ಸಲ ಒತ್ತಿ ಹೇಳಿ ಶುಕ್ರವಾರ ಹಾಳೆ ಕೊಟ್ಟುಬಂದೆ. ಒಳಗೊಳಗೇ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ.

ಶನಿವಾರ ಬೆಟಗೇರಿ ಹುಡುಗಿ ಮೈದಾನದ ಗೇಟಿನ ಬಳಿ ನನ್ನನ್ನು ತಡೆದಳು. “ಹೆಸರು ಬರಲಿಲ್ಲಂದ್ರ ಅಪ್ಪ ಆಟ ಬಿಡಸ್ತೇನಿ ಅಂದಾನ್ರಿ ಮೇಡಂ. ನನ್ನ ಲೆಕ್ಕ ಛಲೋ ಬಂದೈತೇನ್ರಿ?”

ಸೋಮವಾರ ಗೊತ್ತಾಗುತ್ತದೆ ಎಂದು ಸ್ಕೂಟರ್ ಏರಿದೆ. ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.

ರವಿವಾರ ಮಧ್ಯಾಹ್ನ ಊಟವಾದ ಮೇಲೆ ಮತ್ತೊಮ್ಮೆ ವಿಡಿಯೋ ಹಚ್ಚಿಕೊಂಡು ಕುಳಿತಿದ್ದೆ. ಮಗಳು ಬಂದು ಬಗ್ಗಿ ನೋಡಿ ನಕ್ಕಳು. “ಅವ್ವಾ, ನೋಡ, ನಾ ಹೆಂಗ ಬಿದ್ದೆ.”

ಬಿದ್ದವಳ ಬೆನ್ನ ಮೇಲೆ ಏಳನೇ ನಂಬರ್ ಇತ್ತು. ಅದು ನೀನಲ್ಲ ಎಂದೆ. ನಾನೇ ಎಂದಳು. ಹನ್ನೆರಡು ಮಂದಿಗೆ ಇರುವುದು ಎಂಟೇ ಜೆರ್ಸಿಯಂತೆ. ಅಭ್ಯಾಸದ ಪಂದ್ಯದಲ್ಲಿ ಹೊರಗೆ ಬಂದವಳು ಬೆವರಿನ ಜೆರ್ಸಿ ಕಳಚಿ ಒಳಗೆ ಹೋಗುವವಳಿಗೆ ಕೊಡುತ್ತಾಳೆ. ಅವಳು ಅದನ್ನು ಟಿ-ಶರ್ಟಿನ ಮೇಲೇ ಏರಿಸಿಕೊಂಡು ಓಡುತ್ತಾಳೆ. ಮಗಳಿಗೆ ಬರುತ್ತಿದ್ದುದು ಹೆಚ್ಚಾಗಿ ಬೆಟಗೇರಿ ಹುಡುಗಿಯದು. ಕೋಚ್‌ಗೆ ಇದು ಗೊತ್ತು. ನಾನು ಬರೀ ನಂಬರ್ ನೋಡಿ ಎಣಿಸಿದ್ದು ಅವರಿಗೆ ಗೊತ್ತಿಲ್ಲ. ಹೆತ್ತ ಮಗಳನ್ನೇ ನಾನು ಗುರುತಿಸಿರಲಿಲ್ಲ.

ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಯಾವಾಗ ಜೆರ್ಸಿಯೊಳಗೆ ಯಾರಿದ್ದರು ಎಂದು ಕೇಳುತ್ತಾ ಮೊದಲಿನಿಂದ ಲೆಕ್ಕ ಹಾಕಿದೆ. ಬೆಟಗೇರಿ ಹುಡುಗಿ ಆಡಿದಷ್ಟು ಹೊತ್ತೂ ತಂಡ ಮುಂದಿತ್ತು. ತಾರೆ ಮತ್ತು ಅವಳು ಒಟ್ಟಿಗೆ ಇದ್ದಾಗಲಂತೂ ಬೇರೆ ಯಾವ ಜೋಡಿಯೂ ಅವರ ಹತ್ತಿರ ಬರುತ್ತಿರಲಿಲ್ಲ. ಮೈನಸ್ ಪೂರ್ತಿ ನನ್ನ ಮಗಳದು. ಅವಳ ಮಾತು ಕಡಿಮೆಯಾಗುತ್ತಾ ಬಂದು ಕೊನೆಗೆ ಬರೀ ಬೆರಳು ತೋರಿಸತೊಡಗಿದಳು.

ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆ ನನಗೆ ಬಂತು. ಬಂದದ್ದಷ್ಟೇ ಅಲ್ಲ, ಬಹಳ ಹೊತ್ತು ಕೂತಿತ್ತು. ಕೋಚ್‌ಗಿಂತ, ಅವಮಾನಕ್ಕಿಂತ ಹೆಚ್ಚು ಆಗ ನನ್ನನ್ನು ಕಂಡೇ ನನಗೆ ಹೆದರಿಕೆಯಾಯಿತು.

ಸೋಮವಾರ ಬೆಳಿಗ್ಗೆ ಐದೂವರೆಗೇ ಮೈದಾನ ತಲುಪಿದೆವು. ಕೋಚ್ ಕೈಯಲ್ಲಿ ಪಟ್ಟಿ ಇತ್ತು. ಮಾತು ತಡವರಿಸಿತು, ಆದರೂ ಎಲ್ಲ ಹೇಳಿ ಹೊಸ ಹಾಳೆ ಕೊಟ್ಟೆ. ಅವರು ನಿಧಾನವಾಗಿ ಓದಿ ಕನ್ನಡಕದ ಮೇಲಿಂದ ನೋಡಿದರು.

“ಹಂಗಾರ ಈ ಮೈನಸ್ ಯಾರದ್ರಿ, ಮೇಡಮ್ಮರ?”

ಮಗಳು ನನ್ನ ಹಿಂದೆಯೇ ಬೂಟಿನ ದಾರ ಕಟ್ಟುತ್ತಿದ್ದಳು.

“ನನ್ನ ಮಗಳದ್ರಿ,” ಎಂದೆ.

ಅವರು ಪಟ್ಟಿಯಲ್ಲಿ ಒಂದು ಹೆಸರು ಹೊಡೆದುಹಾಕಿ ಇನ್ನೊಂದು ಬರೆದರು. ಅಷ್ಟರಲ್ಲಿ ಬೆಟಗೇರಿ ಬಸ್ಸು ಬಂತು. ಆ ಹುಡುಗಿ ಗೇಟಿನವರೆಗೆ ಓಡಿಬಂದವಳು ನನ್ನನ್ನು ಕಂಡು ಅಲ್ಲೇ ನಿಂತುಬಿಟ್ಟಳು. ಬ್ಯಾಗನ್ನು ಎದೆಗೆ ಅವಚಿಕೊಂಡಿದ್ದಳು. ನಾನು ಯಾರಿಗಾದರೂ ಅಷ್ಟು ಹೆದರಿಕೆ ಹುಟ್ಟಿಸಬಲ್ಲೆ ಎಂದು ತಿಳಿದಿರಲಿಲ್ಲ. ಅವಳನ್ನು ಕರೆಯಲು ಒಂದು ಹೆಜ್ಜೆ ಮುಂದಿಟ್ಟೆ, ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

ಮಗಳೇ ಎದ್ದು ಗೇಟಿನ ಕಡೆ ನಡೆದಳು.

“ಲಗೂ ಬಾ,” ಎಂದಳು. “ನಿನ್ನ ಹೆಸರು ಬಂದದ.”